ಕಥೆ ಯಾರದು? ಕೇಳುಗರು ಯಾರು?

ಸೇವಾಸಂಸ್ಥೆಗಳ ಮನವಿಪತ್ರಗಳು ಅಂಚೆಯಲ್ಲಿ ಬರುತ್ತಿದ್ದ ಕಾಲ ಹೆಚ್ಚುಕಡಿಮೆ ಮುಗಿಯಿತು. ಈಗ ಅವು ನೇರವಾಗಿ ನಿಮ್ಮ ಮೊಬೈಲಿಗೇ ಬರುತ್ತವೆ: ಒಂದು ಮಗುವಿನ ಮುಖ, ಎರಡು ನಿಮಿಷದ ಕಥೆ, ಕೆಳಗೆ ಹಣ ಕಳುಹಿಸುವ ಗುಂಡಿ. ಅದನ್ನು ನೋಡಿ ಕಣ್ಣೊರೆಸಿಕೊಳ್ಳುವವರೂ ನಮ್ಮ ಮನೆಗಳಲ್ಲಿದ್ದಾರೆ, ನೋಡದೆಯೇ ಹತ್ತು ಮಂದಿಗೆ ರವಾನಿಸುವವರೂ ಇದ್ದಾರೆ. ಇಂಥ ಕಥೆಗಳನ್ನು ವಿಮರ್ಶಿಸುವುದು ದಾನಬುದ್ಧಿಗೆ ಅಡ್ಡಿಯೆಂದು ಕೆಲವರು ಭಾವಿಸುವುದುಂಟು. ನನಗೆ ಹಾಗೆನಿಸುವುದಿಲ್ಲ. ಈ ಬಗೆಯ ಕಥನದ ಶಕ್ತಿಯನ್ನೂ ಅಪಾಯವನ್ನೂ ಒಂದೇ ವಾರದಲ್ಲಿ ತೋರಿಸಿಕೊಟ್ಟ ಚಿತ್ರವೊಂದನ್ನು ನಿಮ್ಮ ಗಮನಕ್ಕೆ ತರಬಯಸುತ್ತೇನೆ.

2012ರ ಮಾರ್ಚ್ 5ರಂದು ಅಮೆರಿಕದ ‘ಇನ್‌ವಿಸಿಬಲ್ ಚಿಲ್ಡ್ರನ್’ ಸಂಸ್ಥೆಯು ‘ಕೋನಿ 2012’ ಎಂಬ ಅರ್ಧ ಗಂಟೆಯ ಚಿತ್ರವನ್ನು ಅಂತರ್ಜಾಲದಲ್ಲಿ ಬಿಡುಗಡೆ ಮಾಡಿತು. ಆರೇ ದಿನಗಳಲ್ಲಿ ಅದರ ವೀಕ್ಷಣೆ 10 ಕೋಟಿ ಮುಟ್ಟಿತು. ಉತ್ತರ ಉಗಾಂಡದಲ್ಲಿ ಸಾವಿರಾರು ಮಕ್ಕಳನ್ನು ಅಪಹರಿಸಿ ಅವರ ಕೈಗೆ ಬಂದೂಕು ಕೊಟ್ಟ ‘ಲಾರ್ಡ್ಸ್ ರೆಸಿಸ್ಟೆನ್ಸ್ ಆರ್ಮಿ’ಯ ನಾಯಕ ಜೋಸೆಫ್ ಕೋನಿ ಅದರ ವಸ್ತು. ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯ 2005ರಲ್ಲೇ ಅವನ ಬಂಧನಕ್ಕೆ ಆದೇಶಿಸಿತ್ತು. ಅವನು ಸಿಗಲೇ ಇಲ್ಲ; 2025ರ ಸೆಪ್ಟೆಂಬರಿನಲ್ಲಿ ಅವನ ಗೈರುಹಾಜರಿಯಲ್ಲೇ ಆರೋಪಗಳ ವಿಚಾರಣೆ ನಡೆಯಿತು.

ಚಿತ್ರದ ನಿರ್ದೇಶಕ ಜೇಸನ್ ರಸೆಲ್ ತಾನೇ ನಿರೂಪಕ. ತನ್ನ ಪುಟ್ಟ ಮಗನನ್ನು ಎದುರಿಗೆ ಕೂರಿಸಿಕೊಂಡು, ಕೆಟ್ಟವನು ಯಾರೆಂಬುದನ್ನು ಆತ ವಿವರಿಸುತ್ತಾನೆ. ಅಷ್ಟು ಸರಳವಾಗಿ ಹೇಳಿದ್ದರಿಂದಲೇ ಚಿತ್ರ ಶಾಲಾ ಮಕ್ಕಳವರೆಗೂ ತಲುಪಿತು. ಆದರೆ ಐದು ವರ್ಷದ ಮಗುವಿಗೆ ಹೇಳುವ ರೀತಿಯಲ್ಲೇ ಇಡೀ ಜಗತ್ತಿಗೂ ಹೇಳಹೊರಟರೆ ಏನೇನು ಬಿಟ್ಟುಹೋಗುತ್ತದೆ ನೋಡಿ. ಕೋನಿಯ ಪಡೆ 2006ರ ಹೊತ್ತಿಗೇ ಉಗಾಂಡ ಬಿಟ್ಟು ನೆರೆಯ ದೇಶಗಳ ಕಾಡು ಸೇರಿತ್ತು. ಚಿತ್ರ ಇದನ್ನು ಹೇಳಿಯೂ ಹೇಳದಂತೆ ದಾಟಿಬಿಡುತ್ತದೆ. ಹತ್ತು ಲಕ್ಷಕ್ಕೂ ಹೆಚ್ಚು ಜನ ವರ್ಷಗಟ್ಟಲೆ ಶಿಬಿರಗಳಲ್ಲಿ ನರಳಿದ್ದು, ಅದರಲ್ಲಿ ಸರ್ಕಾರಿ ಸೇನೆಯ ಪಾಲು, ಇವು ಯಾವುವೂ ಕಥೆಯೊಳಗೆ ಬರುವುದಿಲ್ಲ. ಅಣ್ಣನನ್ನು ಕಳೆದುಕೊಂಡ ಉಗಾಂಡದ ಹುಡುಗನೊಬ್ಬ ಬಿಕ್ಕಿ ಅಳುತ್ತಾನೆ. ಮರುಕ್ಷಣವೇ ಕ್ಯಾಮೆರಾ ಅವನನ್ನು ಬಿಟ್ಟು ನಿರೂಪಕನ ಪ್ರತಿಜ್ಞೆಯತ್ತ ಹೊರಳುತ್ತದೆ. ಆ ಹುಡುಗನ ಅಳುವಿನ ಬಳಿ ಇನ್ನಷ್ಟು ಹೊತ್ತು ಕೂರುವ ತಾಳ್ಮೆ ಚಿತ್ರಕ್ಕಿಲ್ಲ.

ಮಾರ್ಚ್ 13ರಂದು ಉಗಾಂಡದ ಲೀರಾ ಪಟ್ಟಣದಲ್ಲಿ ಸ್ಥಳೀಯ ಸಂಸ್ಥೆಯೊಂದು ಈ ಚಿತ್ರವನ್ನು ದೊಡ್ಡ ತೆರೆಯ ಮೇಲೆ ತೋರಿಸಿತು. ಸಾವಿರಾರು ಜನ ನೆರೆದರು. ಅವರಲ್ಲಿ ಆ ಯುದ್ಧಕ್ಕೆ ಮಕ್ಕಳನ್ನು, ಒಡಹುಟ್ಟಿದವರನ್ನು ಕಳೆದುಕೊಂಡವರಿದ್ದರು. ತಮ್ಮ ಕಥೆಯೆಂದು ನೋಡಲು ಬಂದವರಿಗೆ ಕಂಡದ್ದು ಪರದೇಶದವನೊಬ್ಬನ ಸಂಸಾರ. ತಮ್ಮನ್ನು ಕಾಡಿದವನ ಮುಖ ಭಿತ್ತಿಚಿತ್ರಗಳಲ್ಲಿ, ಅಂಗಿಗಳ ಮೇಲೆ ರಾರಾಜಿಸುವುದನ್ನು ಕಂಡು ಅವರು ಕೆರಳಿದರು. ಕೊನೆಗೆ ಕಲ್ಲುಗಳು ಬಿದ್ದವು. ಮುಂದಿನ ಪ್ರದರ್ಶನಗಳು ನಿಂತವು. ಯಾವ ವಿಮರ್ಶಕನೂ ಇದಕ್ಕಿಂತ ಸ್ಪಷ್ಟವಾಗಿ ಬರೆದಿಲ್ಲ. ಏಪ್ರಿಲ್ 20ರ ರಾತ್ರಿ ನಗರಗಳನ್ನೆಲ್ಲ ಭಿತ್ತಿಚಿತ್ರಗಳಿಂದ ಮುಚ್ಚಬೇಕೆಂಬ ಕರೆಗೆ ಓಗೊಟ್ಟವರು ಬೆರಳೆಣಿಕೆಯಷ್ಟು ಮಂದಿ. ಆರು ವಾರಗಳಲ್ಲಿ ಮರುಕ ಆರಿಹೋಗಿತ್ತು. (ಸಂಸ್ಥೆಯ ಹಣದ ಲೆಕ್ಕದ ಬಗ್ಗೆ ಆಗ ದೊಡ್ಡ ಗದ್ದಲವೆದ್ದಿತು. ಅದು ನನಗೆ ಮುಖ್ಯವೆನಿಸುವುದಿಲ್ಲ. ಲೆಕ್ಕ ಸರಿಯಿದ್ದೂ ಕಥೆ ತಪ್ಪಾಗಿರಬಹುದು.)

ಇದೇ ಸಂಸ್ಥೆ ಸದ್ದಿಲ್ಲದೆ ಮಾಡಿದ ಬೇರೊಂದು ಕೆಲಸವಿದೆ ಎಂಬುದನ್ನು ಹೇಳದಿದ್ದರೆ ಅನ್ಯಾಯವಾದೀತು. ಕಾಂಗೊ ಮತ್ತು ಮಧ್ಯ ಆಫ್ರಿಕಾದ ದೂರದ ಹಳ್ಳಿಗಳಿಗೆ ಅದು ರೇಡಿಯೊ ಸಂಪರ್ಕ ಒದಗಿಸಿ, ದಾಳಿಯ ಸುದ್ದಿ ಒಂದು ಹಳ್ಳಿಯಿಂದ ಇನ್ನೊಂದಕ್ಕೆ ಬೇಗ ಮುಟ್ಟುವಂತೆ ಮಾಡಿತು. ಅದಕ್ಕೆ ಕೋಟಿಗಟ್ಟಲೆ ಪ್ರೇಕ್ಷಕರಿರಲಿಲ್ಲ.

ಆ ಮೂವರು ಅಮೆರಿಕನ್ ಯುವಕರು ಕ್ಯಾಮೆರಾ ಹಿಡಿದು ಮೊದಲು ಉತ್ತರ ಉಗಾಂಡಕ್ಕೆ ಹೋದದ್ದು 2003ರಲ್ಲಿ. ಅಪಹರಣಕ್ಕೆ ಹೆದರಿದ ಹಳ್ಳಿಯ ಮಕ್ಕಳು ಆಗ ಪ್ರತಿದಿನ ಸಂಜೆ ನಡೆದು ಬಂದು ಗುಲು ಪಟ್ಟಣದ ಜಗಲಿ, ಬಸ್ ನಿಲ್ದಾಣಗಳಲ್ಲಿ ಮಲಗುತ್ತಿದ್ದರು. ಅದೇ ವರ್ಷ ಗುಲುವಿನ ಆಗಿನ ಮಹಾಧರ್ಮಾಧ್ಯಕ್ಷ ಜಾನ್ ಬ್ಯಾಪ್ಟಿಸ್ಟ್ ಒಡಾಮ ಅವರು ಇತರ ಧರ್ಮಗಳ ಮುಖಂಡರೊಡನೆ ಆ ಮಕ್ಕಳ ನಡುವೆಯೇ ಬೀದಿಯಲ್ಲಿ ಹಲವು ರಾತ್ರಿ ಮಲಗಿದರು. ಅವರ ಕೂಟ ಸೈನಿಕ ಕಾರ್ಯಾಚರಣೆಗಿಂತ ಮಾತುಕತೆ, ಕ್ಷಮಾದಾನಗಳನ್ನು ಬಯಸಿತ್ತು. ‘ಕೋನಿ 2012’ ಕೇಳಿದ್ದು ಅಮೆರಿಕದ ಸೇನಾ ಸಲಹೆಗಾರರು ಅಲ್ಲೇ ಉಳಿಯಬೇಕೆಂದು. ಅಲ್ಲಿಯವರೇ ಹೇಳುತ್ತಿದ್ದ ಮಾತಿಗೆ ಚಿತ್ರದಲ್ಲಿ ಎಡೆ ಸಿಗಲಿಲ್ಲ.

ಗುಲುವಿನ ಮೆಗಾ ಎಫ್.ಎಂ. ಬಾನುಲಿಯಲ್ಲಿ ‘ದ್ವೋಗ್ ಚೆನ್ ಪಾಚೊ’ ಎಂಬ ಕಾರ್ಯಕ್ರಮವಿತ್ತು. ‘ಮನೆಗೆ ಮರಳಿ ಬಾ’ ಎಂದು ಅದರ ಅರ್ಥ. ಓಡಿಹೋದರೆ ಊರಿನಲ್ಲಿ ನಿಮ್ಮನ್ನು ಕೊಲ್ಲುತ್ತಾರೆಂದು ಕೋನಿಯ ನಾಯಕರು ಮಕ್ಕಳನ್ನು ಬೆದರಿಸಿ ಇಟ್ಟುಕೊಂಡಿದ್ದರು. ತಪ್ಪಿಸಿಕೊಂಡು ಬಂದವರು ಈ ಕಾರ್ಯಕ್ರಮದಲ್ಲಿ ತಮ್ಮದೇ ಧ್ವನಿಯಲ್ಲಿ, ಅಚೋಲಿ ಭಾಷೆಯಲ್ಲಿ, ತಾವು ಬದುಕಿರುವುದನ್ನು ಹೇಳುತ್ತಿದ್ದರು. ಕಾಡಿನಲ್ಲಿ ಟ್ರಾನ್ಸಿಸ್ಟರಿಗೆ ಕಿವಿಗೊಟ್ಟವರಿಗೆ ಆ ಧ್ವನಿಯ ಗುರುತು ಸಿಗುತ್ತಿತ್ತು. ಅದನ್ನು ಕೇಳಿ ಹಲವರು ಬಂದೂಕು ಬಿಟ್ಟು ಊರಿನ ದಾರಿ ಹಿಡಿದರು.