ಅಂಕಿ ಸಿಕ್ಕಿತು, ಗಡಿ ಎಲ್ಲಿ? ಜನಗಣತಿಯ ಜಾಲತಾಣ: ಒಂದು ವಿಮರ್ಶೆ

ಪ್ರೌಢಶಾಲೆ, ಕಾಲೇಜುಗಳ ವಿಜ್ಞಾನ ಯೋಜನಾ ವರದಿಗಳನ್ನು ತಿರುವಿ ನೋಡಿ. ವಿಷಯ ಕೆರೆಯ ಹೂಳಿರಲಿ, ಕುಡಿಯುವ ನೀರಿರಲಿ, ಮಕ್ಕಳ ಪೌಷ್ಟಿಕತೆಯಿರಲಿ, ಮೊದಲ ಪುಟಗಳಲ್ಲಿ 'ನಮ್ಮ ಜಿಲ್ಲೆಯ ಪರಿಚಯ' ಎಂಬ ಕೋಷ್ಟಕ ಇದ್ದೇ ಇರುತ್ತದೆ. ಒಂದು ಕಾಲಕ್ಕೆ ಈ ಅಂಕಿಗಳಿಗಾಗಿ ಜಿಲ್ಲಾ ಸಾಂಖ್ಯಿಕ ಕಚೇರಿಗೋ ವಿಶ್ವವಿದ್ಯಾಲಯದ ಗ್ರಂಥಾಲಯಕ್ಕೋ ಹೋಗಬೇಕಿತ್ತು. ಈಗ ಭಾರತದ ಜನಗಣತಿಯ ಜಾಲತಾಣವಿದೆ. 2012ರಲ್ಲಿ ಆರಂಭವಾದ ಕೇಂದ್ರ ಸರ್ಕಾರದ ಮುಕ್ತ ದತ್ತಾಂಶ ತಾಣವಿದೆ. ಸಾಂಖ್ಯಿಕ ಸಚಿವಾಲಯ 2024ರ ಜೂನ್‌ನಲ್ಲಿ ತೆರೆದ 'ಇ-ಸಾಂಖ್ಯಿಕಿ' ಇದೆ. ನಮ್ಮ ರಾಜ್ಯದ ಆರ್ಥಿಕ ಮತ್ತು ಸಾಂಖ್ಯಿಕ ನಿರ್ದೇಶನಾಲಯದ ಪ್ರಕಟಣೆಗಳೂ ಅಂತರಜಾಲದಲ್ಲಿವೆ.

ಇವುಗಳಲ್ಲಿ ಹೆಚ್ಚು ಬಳಕೆಯಾಗುವುದು ಜನಗಣತಿಯ ತಾಣ. ಅದನ್ನು ಒಂದು ಅಳತೆಯ ಉಪಕರಣವೆಂದು ಭಾವಿಸಿ ಪರೀಕ್ಷಿಸುವುದು ಈ ಲೇಖನದ ಉದ್ದೇಶ. ಪ್ರಯೋಗಶಾಲೆಯಲ್ಲಿ ವರ್ನಿಯರ್ ಕ್ಯಾಲಿಪರ್ ಕೈಗೆತ್ತಿಕೊಂಡಾಗ ನಾವು ಮೊದಲು ಕೇಳುವುದು ಅದರ ಅಲ್ಪತಮ ಅಳತೆ ಎಷ್ಟು, ಶೂನ್ಯ ದೋಷ ಎಷ್ಟು ಎಂದು. ಅದೇ ಪ್ರಶ್ನೆಗಳನ್ನು ಇಲ್ಲಿಯೂ ಕೇಳೋಣ. ಉದಾಹರಣೆಗೆ ಧಾರವಾಡ ಜಿಲ್ಲೆಯನ್ನೇ ತೆಗೆದುಕೊಳ್ಳೋಣ.

ಮೆಚ್ಚಬೇಕಾದ ಅಂಶಗಳು

ಮೊದಲು ಗುಣಗಳನ್ನು ಹೇಳಬೇಕು. ತಾಣದ ಬಳಕೆಗೆ ಶುಲ್ಕವಿಲ್ಲ. 2011ರ ಜನಗಣತಿಯ ಪ್ರಾಥಮಿಕ ಸಾರದಲ್ಲಿ ಜಿಲ್ಲೆ, ತಾಲ್ಲೂಕುಗಳಷ್ಟೇ ಅಲ್ಲ, ಪ್ರತಿ ಹಳ್ಳಿಯ, ನಗರದ ಪ್ರತಿ ವಾರ್ಡಿನ ಜನಸಂಖ್ಯೆ, ಆರು ವರ್ಷದೊಳಗಿನ ಮಕ್ಕಳು, ಅಕ್ಷರಸ್ಥರು, ದುಡಿಯುವವರು ಇತ್ಯಾದಿ ವಿವರಗಳಿವೆ. ಅವು ಎಕ್ಸೆಲ್ ರೂಪದಲ್ಲಿರುವುದರಿಂದ ವಿದ್ಯಾರ್ಥಿ ನೇರವಾಗಿ ಲೆಕ್ಕ ಮಾಡಬಹುದು, ನಕ್ಷೆ ಎಳೆಯಬಹುದು. ಹತ್ತೊಂಬತ್ತನೆಯ ಶತಮಾನದ ವರದಿಗಳ ಸ್ಕ್ಯಾನ್ ಪ್ರತಿಗಳೂ ಇಲ್ಲಿವೆ. ಇಷ್ಟು ವಿಸ್ತಾರವಾದ ಭಂಡಾರ ಹಳ್ಳಿಯ ಶಾಲೆಯ ಕಂಪ್ಯೂಟರಿಗೂ ನಿಲುಕುತ್ತದೆ ಎಂಬುದು ಸಣ್ಣ ಮಾತಲ್ಲ. ದೋಷಗಳ ಚರ್ಚೆ ಈ ಮೆಚ್ಚುಗೆಯನ್ನು ಕಡಿಮೆ ಮಾಡುವುದಿಲ್ಲ.

ಅರ್ಧಕ್ಕಿಂತ ಹೆಚ್ಚು ಜನ ಎಲ್ಲಿ ಹೋದರು?

ಈಗ ಒಂದು ಸರಳ ಪ್ರಶ್ನೆ. ಧಾರವಾಡ ಜಿಲ್ಲೆಯ ಜನಸಂಖ್ಯೆ 1991ರಿಂದ 2001ಕ್ಕೆ ಎಷ್ಟು ಬದಲಾಯಿತು? ತಾಣದಲ್ಲಿ 1991ರ ಕೋಷ್ಟಕ ತೆರೆದರೆ 35,03,150 ಎಂದಿದೆ. 2001ರ ಕೋಷ್ಟಕದಲ್ಲಿ 16,04,253. ಎರಡೂ ಅಧಿಕೃತ, ಎರಡೂ ಸರಿ. ಕಳೆದು ನೋಡಿದರೆ ಶೇಕಡಾ 54ರಷ್ಟು ಇಳಿಕೆ! ಬರ, ಯುದ್ಧ, ಸಾಂಕ್ರಾಮಿಕ ರೋಗ ಯಾವುದೂ ಇಂಥ ಇಳಿಕೆಯನ್ನು ವಿವರಿಸಲಾರದು.

ಕಾರಣ ನಿಮಗೆ ತಿಳಿದಿದೆ. 1997ರಲ್ಲಿ ಧಾರವಾಡ ಜಿಲ್ಲೆಯಿಂದ ಗದಗ ಮತ್ತು ಹಾವೇರಿ ಜಿಲ್ಲೆಗಳು ಬೇರೆಯಾದವು. ಹೊಸ ಗಡಿಗಳಿಗೆ ಹೊಂದಿಸಿದ 1991ರ ಜನಸಂಖ್ಯೆ ಹೀಗಿದೆ: ಧಾರವಾಡ 13,74,895, ಗದಗ 8,59,042, ಹಾವೇರಿ 12,69,213. ಕೂಡಿ ನೋಡಿ, ಒಬ್ಬರೂ ಹೆಚ್ಚು ಕಡಿಮೆಯಾಗದೆ 35,03,150 ಬರುತ್ತದೆ. ಅಂದರೆ ಇಂದಿನ ಧಾರವಾಡ ಜಿಲ್ಲೆಯ ಮಟ್ಟಿಗೆ ಆ ದಶಕದಲ್ಲಿ ಆದದ್ದು ಇಳಿಕೆಯಲ್ಲ, ಸುಮಾರು ಶೇಕಡಾ 16.7ರಷ್ಟು ಏರಿಕೆ.

ಒಟ್ಟು ಸಂಖ್ಯೆಯ ಬದಲು ಸಾಂದ್ರತೆಯನ್ನು ಹೋಲಿಸಿದರೆ ತೊಂದರೆ ತಪ್ಪುತ್ತದೆಯೇ? ವಸ್ತುವಿನ ಪ್ರಮಾಣ ಬದಲಾದರೂ ಸಾಂದ್ರತೆ ಬದಲಾಗದು ಎಂದು ಭೌತಶಾಸ್ತ್ರದಲ್ಲಿ ಕಲಿತಿದ್ದೇವಲ್ಲ! ಅವಿಭಜಿತ ಜಿಲ್ಲೆಯ ವಿಸ್ತೀರ್ಣ 13,738 ಚದರ ಕಿ.ಮೀ. ಆದ್ದರಿಂದ 1991ರ ಸಾಂದ್ರತೆ ಚದರ ಕಿ.ಮೀ.ಗೆ 255. ಇಂದಿನ ಜಿಲ್ಲೆಯ ವಿಸ್ತೀರ್ಣ 4,260 ಚದರ ಕಿ.ಮೀ. 2001ರಲ್ಲಿ ಸಾಂದ್ರತೆ 377. ಈಗ ಶೇಕಡಾ 48ರಷ್ಟು ಏರಿಕೆ ಕಾಣುತ್ತದೆ! ಇದೂ ತಪ್ಪೇ. ಆ ನಿಯಮ ಏಕರೂಪದ ವಸ್ತುವಿಗೆ ಮಾತ್ರ ಅನ್ವಯಿಸುತ್ತದೆ. ತಳದಲ್ಲಿ ಸಕ್ಕರೆ ಉಳಿದ ಪಾನಕವನ್ನು ಮೂರು ಲೋಟಗಳಿಗೆ ಸುರಿದರೆ ಕೊನೆಯ ಲೋಟವೇ ಹೆಚ್ಚು ಸಿಹಿ. ಯಾರೂ ಹೊಸದಾಗಿ ಸಕ್ಕರೆ ಹಾಕಿರುವುದಿಲ್ಲ. ಹುಬ್ಬಳ್ಳಿ-ಧಾರವಾಡದಂಥ ಅವಳಿ ನಗರ ಇಡಿಯಾಗಿ ಒಂದು ಭಾಗದಲ್ಲೇ ಉಳಿದುದರಿಂದ ಆ ಭಾಗದ ಸರಾಸರಿ ಸಾಂದ್ರತೆ ಗಡಿ ಎಳೆದ ದಿನವೇ ಏರಿತು. ಹೊಸ ಗಡಿಗೆ ಹೊಂದಿಸಿದ 1991ರ ಸಾಂದ್ರತೆ 323. ಅಲ್ಲಿಂದ 377ಕ್ಕೆ ಏರಿದ್ದೇ ನಿಜವಾದ ಬೆಳವಣಿಗೆ.

ಇಲ್ಲಿ ತಾಣದ ಮೇಲಿನ ನಮ್ಮ ಮುಖ್ಯ ಆಕ್ಷೇಪಣೆ ಹುಟ್ಟುತ್ತದೆ. ಸರಿಯಾದ ಉತ್ತರ ಅದೇ ಭಂಡಾರದಲ್ಲಿದೆ. 1901ರಿಂದೀಚಿನ ಜನಸಂಖ್ಯೆಯನ್ನು ಇತ್ತೀಚಿನ ಗಡಿಗೆ ಹೊಂದಿಸಿ ಕೊಡುವ 'ಎ-2' ಎಂಬ ಕೋಷ್ಟಕವನ್ನು ಜನಗಣತಿ ಇಲಾಖೆಯೇ ಸಿದ್ಧಪಡಿಸುತ್ತದೆ. ಆದರೆ 1991ರ ಕಡತವನ್ನು ತೆರೆದವನಿಗೆ 'ಈ ಜಿಲ್ಲೆಯ ಗಡಿ ಮುಂದೆ ಬದಲಾಗಿದೆ, ಹೋಲಿಕೆಗೆ ಎ-2 ನೋಡಿ' ಎಂದು ಯಾರೂ ಹೇಳುವುದಿಲ್ಲ. ತಿಳಿದವನಿಗೆ ಮಾತ್ರ ದಾರಿ ತಿಳಿಯುತ್ತದೆ. ಪುಸ್ತಕದ ಕಾಲದಲ್ಲಿ ಮುನ್ನುಡಿಯನ್ನೂ ಅಡಿಟಿಪ್ಪಣಿಯನ್ನೂ ದಾಟಿಯೇ ಕೋಷ್ಟಕಕ್ಕೆ ಬರಬೇಕಿತ್ತು. ಈಗ ಹುಡುಕಾಟದ ಯಂತ್ರ ನಮ್ಮನ್ನು ನೇರವಾಗಿ ಕೋಷ್ಟಕದ ನಡುವೆ ಇಳಿಸುತ್ತದೆ. ಅಡಿಟಿಪ್ಪಣಿ ಹಿಂದೆಯೇ ಉಳಿಯುತ್ತದೆ.

ಹೆಸರು, ರಾಜ್ಯ, ಭಾಷೆ

ಇನ್ನೂ ಹಿಂದಕ್ಕೆ ಹೋದರೆ ತೊಡಕು ಹೆಚ್ಚುತ್ತದೆ. 1951ರ ಧಾರವಾಡವನ್ನು ಮೈಸೂರು ರಾಜ್ಯದ ಸಂಪುಟಗಳಲ್ಲಿ ಹುಡುಕಿದರೆ ಸಿಗುವುದಿಲ್ಲ. ಆಗ ಜಿಲ್ಲೆ ಮುಂಬಯಿ ರಾಜ್ಯದಲ್ಲಿತ್ತು. ಅದಕ್ಕೂ ಹಿಂದಿನ ಜನಗಣತಿಗಳಲ್ಲಿ ಕುಂದಗೋಳ ಜಮಖಂಡಿ ಸಂಸ್ಥಾನದ ಲೆಕ್ಕಕ್ಕೆ ಸೇರುತ್ತಿತ್ತು. ಸವಣೂರು ತಾನೇ ಒಂದು ಸಂಸ್ಥಾನವಾಗಿತ್ತು. ಹಳೆಯ ಇಂಗ್ಲಿಷ್ ವರದಿಗಳಲ್ಲಿ ಊರಿನ ಹೆಸರು 'ಧಾರ್ವಾರ್' ಎಂದಿದೆ. 'ಹುಬ್ಳಿ' ಎಂಬ ಇಂಗ್ಲಿಷ್ ರೂಪ 2014ರ ನವೆಂಬರ್ 1ರಿಂದ 'ಹುಬ್ಬಳ್ಳಿ' ಆಯಿತು. 2011ರ ಕಡತಗಳಲ್ಲಿ ಹಳೆಯ ರೂಪವೇ ಇದೆ. ಒಂದು ಕಾಗುಣಿತದಲ್ಲಿ ಹುಡುಕಿದರೆ ಇನ್ನೊಂದರ ಕಡತ ಬರುವುದಿಲ್ಲ.

ಹೆಸರಿನ ಬದಲು ಸಂಕೇತ ಸಂಖ್ಯೆ ಬಳಸಬಹುದಲ್ಲ ಎನ್ನಬಹುದು. 2011ರಲ್ಲಿ ದೇಶದ 640 ಜಿಲ್ಲೆಗಳಿಗೂ ಒಂದೇ ಸರಣಿಯ ಮೂರಂಕಿಯ ಸಂಕೇತ ಕೊಟ್ಟರು. ಧಾರವಾಡಕ್ಕೆ 562. ಆದರೆ 2001ರಲ್ಲಿ ಪ್ರತಿ ರಾಜ್ಯದೊಳಗೇ ಪ್ರತ್ಯೇಕವಾಗಿ ಎಣಿಸಿದ ಎರಡಂಕಿಯ ಸಂಕೇತಗಳಿದ್ದವು. ಹೀಗಾಗಿ ಎರಡು ಕಡತಗಳನ್ನು ಕಂಪ್ಯೂಟರ್ ತಾನಾಗಿ ಜೋಡಿಸಲಾರದು.

ಕನ್ನಡದ ಸ್ಥಿತಿ ಇನ್ನೂ ಶೋಚನೀಯ. ಜನಗಣತಿ ತಾಣದಲ್ಲಿ 'ಕಲಘಟಗಿ' ಎಂದು ಕನ್ನಡದಲ್ಲಿ ಬರೆದು ಹುಡುಕುವಂತಿಲ್ಲ. ರಾಜ್ಯದ ಇಲಾಖೆಗಳ ಹಳೆಯ ಕನ್ನಡ ಪ್ರಕಟಣೆಗಳಲ್ಲಿ ಎಷ್ಟೋ ಯೂನಿಕೋಡ್ ಅಲ್ಲದ ಅಕ್ಷರಗಳಲ್ಲಿ ಬೆರಳಚ್ಚಾದ ಪಿಡಿಎಫ್‌ಗಳು. ಕಣ್ಣಿಗೆ ಕನ್ನಡವಾಗಿ ಕಾಣುತ್ತವೆ, ನಕಲು ಮಾಡಿ ಅಂಟಿಸಿದರೆ ಅರ್ಥವಿಲ್ಲದ ಚಿಹ್ನೆಗಳ ರಾಶಿಯಾಗುತ್ತವೆ. ಹಳ್ಳಿಯ ಶಿಕ್ಷಕರಿಗೆ ಹಳ್ಳಿಯ ಅಂಕಿಗಳು ಅವರ ಭಾಷೆಯಲ್ಲಿ ಸಿಗದಿದ್ದರೆ 'ಮುಕ್ತ' ಎಂಬ ವಿಶೇಷಣ ಅರ್ಧ ಮಾತ್ರ ಸತ್ಯ.

ಎಷ್ಟು ಅಂಕಿಗಳನ್ನು ನಂಬಬಹುದು?

2011ರಲ್ಲಿ ಧಾರವಾಡ ಜಿಲ್ಲೆಯ ಜನಸಂಖ್ಯೆ ಎಷ್ಟು? ಅಂತರಜಾಲದಲ್ಲಿ 18,46,993 ಎಂಬ ಉತ್ತರವೂ ಇದೆ, 18,47,023 ಎಂಬುದೂ ಇದೆ. ಮೊದಲನೆಯದು ಎಣಿಕೆಯಾದ ಕೂಡಲೇ ಪ್ರಕಟಿಸಿದ ತಾತ್ಕಾಲಿಕ ಲೆಕ್ಕ, ಎರಡನೆಯದು ಅಂತಿಮ. ಯಾವುದನ್ನು ಬಳಸಿದ್ದೇವೆಂದು ಹೇಳಬೇಕಾದುದು ಶಿಸ್ತು. ಆದರೆ ವ್ಯತ್ಯಾಸ ಕೇವಲ 30.

ಇದಕ್ಕಿಂತ ಮುಖ್ಯವಾದ ಸಂಗತಿ ಬೇರೆ ಇದೆ. ಜನಗಣತಿಯ ನಂತರ ಇಲಾಖೆಯೇ ಮಾದರಿ ಪ್ರದೇಶಗಳಲ್ಲಿ ಮತ್ತೆ ಎಣಿಸಿ ಬಿಟ್ಟುಹೋದವರನ್ನು ಅಂದಾಜು ಮಾಡುತ್ತದೆ. 2011ರಲ್ಲಿ ಇಡೀ ದೇಶಕ್ಕೆ ಈ ನಿವ್ವಳ ಬಿಡುವಿಕೆ ಸಾವಿರಕ್ಕೆ ಸುಮಾರು 23. ಇದೇ ದರ ನಮ್ಮ ಜಿಲ್ಲೆಗೂ ಅನ್ವಯಿಸುವುದಾದರೆ ಅದು ಸುಮಾರು 42 ಸಾವಿರ ಜನ! ಏಳು ಅಂಕಿಗಳ ಸಂಖ್ಯೆಯಲ್ಲಿ ನಿಜಕ್ಕೂ ಅರ್ಥಪೂರ್ಣವಾದವು ಮೊದಲ ಎರಡು ಮೂರು ಮಾತ್ರ. ಪ್ರಯೋಗ ಪುಸ್ತಕದಲ್ಲಿ ಸಾರ್ಥಕ ಅಂಕಿಗಳಿಗೆ ಅಂಕ ಕತ್ತರಿಸುವ ನಾವು, ಸರ್ಕಾರದ ಕೋಷ್ಟಕ ಕಂಡೊಡನೆ ಆ ನಿಯಮವನ್ನು ಮರೆಯುತ್ತೇವೆ. ತಾಣವಾದರೂ ಸಂಖ್ಯೆಯ ಪಕ್ಕದಲ್ಲಿ ದೋಷದ ಅಂದಾಜನ್ನು ತೋರಿಸಬೇಕಿತ್ತು. ಅದು ಬೇರೊಂದು ವರದಿಯೊಳಗೆ ಕುಳಿತಿದೆ.

ಪೂರ್ಣ ಎಣಿಕೆಯ ಸ್ಥಿತಿ ಹೀಗಾದರೆ ಮಾದರಿ ಸಮೀಕ್ಷೆಗಳಲ್ಲಿ ಎಚ್ಚರ ಇನ್ನೂ ಹೆಚ್ಚು ಬೇಕು. 2019-21ರ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ 707 ಜಿಲ್ಲೆಗಳಲ್ಲಿ 6,36,699 ಮನೆಗಳನ್ನು ಸಂದರ್ಶಿಸಿತು. ಅಂದರೆ ಜಿಲ್ಲೆಗೆ ಸರಾಸರಿ 900 ಮನೆ. 900ರ ಮಾದರಿಯಲ್ಲಿ ಶೇಕಡಾ 50 ಎಂಬ ಫಲಿತಾಂಶ ಬಂದರೆ ಅದರ ದೋಷ ಎರಡೂ ಕಡೆ ಸುಮಾರು 3.3 ಅಂಶ. ಮನೆಗಳನ್ನು ಗುಂಪು ಗುಂಪಾಗಿ ಆರಿಸುವುದರಿಂದ ಇನ್ನೂ ತುಸು ಹೆಚ್ಚು. ಚಿಕ್ಕ ಮಕ್ಕಳಿಗಷ್ಟೇ ಸಂಬಂಧಿಸಿದ ಪ್ರಶ್ನೆಯಲ್ಲಿ ಮಾದರಿ ಕಾಲು ಭಾಗಕ್ಕೆ ಇಳಿದರೆ ದೋಷ ಇಮ್ಮಡಿಯಾಗುತ್ತದೆ. ಎರಡು ಸಮೀಕ್ಷೆಗಳ ನಡುವೆ ನಾಲ್ಕು ಅಂಶ ಏರಿತೆಂದು ಹರ್ಷಿಸುವ ಅಥವಾ ಇಳಿಯಿತೆಂದು ದೂರುವ ಮೊದಲು ಈ ಲೆಕ್ಕ ಮಾಡಿ ನೋಡಿ.

ವ್ಯಾಖ್ಯೆಯೂ ಮುಖ್ಯ. 2011ರಲ್ಲಿ ಜಿಲ್ಲೆಯ ಸಾಕ್ಷರತೆ ಶೇಕಡಾ 80. ಇದು ಏಳು ವರ್ಷ ತುಂಬಿದವರ ಲೆಕ್ಕ. ಅಕ್ಷರಸ್ಥರನ್ನು ಒಟ್ಟು ಜನಸಂಖ್ಯೆಯಿಂದ ಭಾಗಿಸಿದ ವಿದ್ಯಾರ್ಥಿಗೆ, ಸಣ್ಣ ಮಕ್ಕಳು ಶೇಕಡಾ 12ರಷ್ಟಿದ್ದರೆ, ಸುಮಾರು 70 ಮಾತ್ರ ಬರುತ್ತದೆ. ಲೆಕ್ಕ ತಪ್ಪಿಲ್ಲ, ಛೇದ ಬೇರೆ. 1981ರವರೆಗೆ ಐದು ವರ್ಷದ ಮೇಲಿನವರನ್ನು ಪರಿಗಣಿಸುತ್ತಿದ್ದುದರಿಂದ ಹಳೆಯ ದಶಕಗಳೊಡನೆ ನೇರ ಹೋಲಿಕೆಯೂ ಸಲ್ಲದು.

ಹಳೆಯ ಅಂಕಿಯ ಬೆಲೆ

ಇದೆಲ್ಲ ಪಂಡಿತರ ಚರ್ಚೆ ಎನ್ನಬೇಡಿ. 2021ರಲ್ಲಿ ನಡೆಯಬೇಕಿದ್ದ ಜನಗಣತಿ ಮುಂದಕ್ಕೆ ಹೋಯಿತು. 2025ರ ಜೂನ್ ತಿಂಗಳ ಅಧಿಸೂಚನೆ 2027ರ ಮಾರ್ಚ್ 1ನ್ನು ಎಣಿಕೆಯ ಆಧಾರ ದಿನವೆಂದು ಗೊತ್ತುಪಡಿಸಿತು. ಈ ನಡುವೆ ಆಡಳಿತ ನಡೆದದ್ದು 2011ರ ಅಂಕಿಗಳ ಮೇಲೆಯೇ. 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆಯಡಿ ಪಡಿತರ ಪಡೆಯಬಲ್ಲವರ ಮಿತಿಯನ್ನು, ದೇಶಕ್ಕೆ 81.35 ಕೋಟಿ ಎಂದು, ಲೆಕ್ಕ ಹಾಕಿದ್ದು ಅದರಿಂದಲೇ.

ನಮ್ಮ ಅವಳಿ ನಗರದ ನೀರನ್ನು ನೋಡಿ. ಮಲಪ್ರಭೆಯಿಂದ, ನೀರಸಾಗರದಿಂದ ಬರುವ ನೀರು ಎಷ್ಟು ಜನರಿಗೆ ಸಾಲಬೇಕು? 2011ರಲ್ಲಿ ಹುಬ್ಬಳ್ಳಿ-ಧಾರವಾಡ ಮಹಾನಗರ ಪಾಲಿಕೆಯ ಜನಸಂಖ್ಯೆ 9,43,788. ತಲೆಗೆ ದಿನಕ್ಕೆ 135 ಲೀಟರಿನಂತೆ 12.7 ಕೋಟಿ ಲೀಟರ್ ಬೇಕು. 2001ರಲ್ಲಿ ಜನಸಂಖ್ಯೆ 7,86,195 ಇತ್ತು. ಅದೇ ವೇಗದಲ್ಲಿ ಸರಳ ರೇಖೆಯಂತೆ ಬೆಳೆದರೆ 2027ಕ್ಕೆ ಸುಮಾರು 11.96 ಲಕ್ಷ, ನೀರು 16.1 ಕೋಟಿ ಲೀಟರ್. ಛೇದ ಹಳೆಯದಾದರೆ ದಿನಕ್ಕೆ 3.4 ಕೋಟಿ ಲೀಟರಿನ ಕೊರತೆ ಕಾಗದದ ಮೇಲೆ ಕಾಣಿಸುವುದೇ ಇಲ್ಲ. ಅದು ಕಾಣುವುದು ನಲ್ಲಿಯ ಮುಂದಿನ ಕೊಡಗಳಲ್ಲಿ.

ಅಂತರಜಾಲದಲ್ಲಿ 'ಇಂದಿನ ಜನಸಂಖ್ಯೆ' ಎಂದು ತೋರಿಸುವ ಖಾಸಗಿ ಪುಟಗಳನ್ನು ಕಂಡು ಮೋಸಹೋಗಬೇಡಿ. ಅವು ಎಣಿಕೆಯಲ್ಲ, ಮುಂಚಾಚಿದ ಅಂದಾಜು. 2001-2011ರ ಬೆಳವಣಿಗೆಯನ್ನು ಸರಳ ರೇಖೆಯಂತೆ ಚಾಚಿದರೆ 2027ಕ್ಕೆ ಜಿಲ್ಲೆಯ ಜನಸಂಖ್ಯೆ 22.35 ಲಕ್ಷ, ಚಕ್ರಬಡ್ಡಿಯಂತೆ ಚಾಚಿದರೆ 23.14 ಲಕ್ಷ. ಜನನ ಪ್ರಮಾಣ ಇಳಿಯುತ್ತಿರುವುದರಿಂದ ಎರಡೂ ಹೆಚ್ಚಾಗಿರಬಹುದು. ತರಗತಿಯಲ್ಲಿ ಮಾಡಿಸಲು ಇದು ಒಳ್ಳೆಯ ಅಭ್ಯಾಸ.

ಮುಂದಿನ ತೊಡಕು

1991ರ ಕಥೆ ಮತ್ತೆ ನಡೆಯಲಿದೆ ಎಂಬುದನ್ನು ಗಮನಿಸಿ. 2011ರಲ್ಲಿ ಜಿಲ್ಲೆಯಲ್ಲಿ ಧಾರವಾಡ, ಹುಬ್ಬಳ್ಳಿ, ಕಲಘಟಗಿ, ಕುಂದಗೋಳ, ನವಲಗುಂದ ಎಂಬ ಐದು ತಾಲ್ಲೂಕುಗಳಿದ್ದವು. ಮುಂದೆ ಅಳ್ನಾವರ, ಅಣ್ಣಿಗೇರಿ, ಹುಬ್ಬಳ್ಳಿ ನಗರ ಸೇರಿ ಎಂಟಾದವು. ಅಣ್ಣಿಗೇರಿ ಬೇರೆಯಾದುದನ್ನು ಅರಿಯದವನಿಗೆ ನವಲಗುಂದ ತಾಲ್ಲೂಕಿನ ಜನ ಊರು ಬಿಟ್ಟುಹೋದಂತೆ ಕಾಣಬಹುದು. ಧಾರವಾಡಕ್ಕೆ ಪ್ರತ್ಯೇಕ ಮಹಾನಗರ ಪಾಲಿಕೆ ರಚಿಸಲು ರಾಜ್ಯ ಸಚಿವ ಸಂಪುಟ 2025ರ ಜನವರಿಯಲ್ಲಿ ಒಪ್ಪಿಗೆ ನೀಡಿತು. 1962ರಿಂದ ಒಂದಾಗಿದ್ದ ನಗರದ ಲೆಕ್ಕ ಎರಡಾದಾಗ ಹೋಲಿಕೆಯ ಪ್ರಶ್ನೆ ಮತ್ತೆ ಏಳುತ್ತದೆ.

ಆದ್ದರಿಂದ ವಿಮರ್ಶೆಯ ತೀರ್ಪು ಇದು: ಭಂಡಾರ ಶ್ರೀಮಂತವಾಗಿದೆ, ಬಾಗಿಲು ತೆರೆದಿದೆ, ಆದರೆ ಒಳಗೆ ದಾರಿ ತೋರುವ ಫಲಕಗಳಿಲ್ಲ. ಪ್ರತಿ ಕೋಷ್ಟಕದೊಂದಿಗೆ ಗಡಿಯ ಇತಿಹಾಸ, ಹೆಸರಿನ ಪರ್ಯಾಯ ರೂಪಗಳು, ತಾತ್ಕಾಲಿಕವೋ ಅಂತಿಮವೋ ಎಂಬ ಗುರುತು, ದೋಷದ ಅಂದಾಜು, ಇವಿಷ್ಟನ್ನು ಜೋಡಿಸಿ ಕನ್ನಡದಲ್ಲೂ ಹುಡುಕುವಂತೆ ಮಾಡಿದರೆ ಅದರ ಉಪಯೋಗ ಎಷ್ಟೋ ಪಟ್ಟು ಹೆಚ್ಚುತ್ತದೆ. 2027ರ ಎಣಿಕೆಯ ಫಲಿತಾಂಶ ಪ್ರಕಟಿಸುವಾಗ ಇದನ್ನು ಮಾಡಲು ಒಳ್ಳೆಯ ಅವಕಾಶವಿದೆ.

ಅಲ್ಲಿಯವರೆಗೆ ಆ ಫಲಕಗಳನ್ನು ನಾವೇ ಬರೆದುಕೊಳ್ಳಬೇಕು. ಶಿಕ್ಷಕರಲ್ಲಿ ಒಂದು ವಿನಂತಿ. ವಿದ್ಯಾರ್ಥಿ ಒಂದು ಅಂಕಿಯನ್ನು ತಂದಾಗ ಐದು ಪ್ರಶ್ನೆ ಕೇಳಿ: ಏನನ್ನು ಎಣಿಸಿದ್ದು? ಯಾವ ಗಡಿಯೊಳಗೆ? ಯಾವ ದಿನಾಂಕಕ್ಕೆ? ಪೂರ್ಣ ಎಣಿಕೆಯೋ ಮಾದರಿಯೋ? ಯಾವ ಕೋಷ್ಟಕದಿಂದ, ಎಂದು ಪಡೆದದ್ದು? ಏಕಮಾನವಿಲ್ಲದ ಉತ್ತರವನ್ನು ನಾವು ಭೌತಶಾಸ್ತ್ರದಲ್ಲಿ ಒಪ್ಪುವುದಿಲ್ಲ. ಈ ಐದು ವಿವರಗಳಿಲ್ಲದ ಅಂಕಿಯನ್ನೂ ಒಪ್ಪಬೇಕಾಗಿಲ್ಲ.