‘ಅಂತೆ’ ಇಲ್ಲದ ಮಾಟ: ‘ಪ್ರ್ಯಾಕ್ಟಿಕಲ್ ಮ್ಯಾಜಿಕ್’ ಕಾದಂಬರಿಯ ನಿರೂಪಣಾ ವ್ಯಾಕರಣವನ್ನು ಕುರಿತು

ಅಮೆರಿಕದ ಲೇಖಕಿ ಆಲಿಸ್ ಹಾಫ್‌ಮನ್ ಅವರ ‘ಪ್ರ್ಯಾಕ್ಟಿಕಲ್ ಮ್ಯಾಜಿಕ್’ 1995ರಲ್ಲಿ ಪ್ರಕಟವಾಯಿತು. 1998ರ ಚಲನಚಿತ್ರದ ಮೂಲಕ ಅದಕ್ಕೆ ದೊರೆತ ಖ್ಯಾತಿ ಎಷ್ಟೆಂದರೆ, ಕಾದಂಬರಿಯನ್ನು ಕಾದಂಬರಿಯಾಗಿ ಓದುವುದೇ ಈಗ ಕಷ್ಟವಾಗಿದೆ. ಮಾಟಗಾತಿಯರು, ಪ್ರೇತ, ವಶೀಕರಣದ ಮದ್ದು, ಕೊನೆಗೆ ಕೂಡಿಬರುವ ಪ್ರಣಯಗಳು: ಈ ಸಾಮಗ್ರಿಯನ್ನು ಕಂಡವರು ಕೃತಿಯನ್ನು ಅಲೌಕಿಕ ಪ್ರಣಯ ಕಾದಂಬರಿಗಳ ಸಾಲಿನಲ್ಲಿಟ್ಟು ಮುಂದೆ ಸಾಗುತ್ತಾರೆ. ಭಾಷಾವಿಜ್ಞಾನದ ಪತ್ರಿಕೆಯೊಂದರಲ್ಲಿ ಅದನ್ನು ಚರ್ಚೆಗೆ ಎತ್ತಿಕೊಳ್ಳಲು ನಮಗಿರುವ ಕಾರಣ ಬೇರೆ. ಹೆಂಗಸರ ತಿಳಿವಳಿಕೆಯನ್ನು ಮೂಢನಂಬಿಕೆ ಎಂದು ಕರೆಯುವ ಅಧಿಕಾರ ಯಾರಿಗಿದೆ ಎಂಬುದು ಈ ಕಾದಂಬರಿಯ ಮೂಲ ಪ್ರಶ್ನೆ. ಅದು ಉತ್ತರ ಕೊಡುವುದು ಕಥೆಯಲ್ಲಿ ನಡೆಯುವ ಸಂಗತಿಗಳಿಗಿಂತ ಹೆಚ್ಚಾಗಿ ಕ್ರಿಯಾಪದದ ರೂಪಗಳಲ್ಲಿ ಎಂಬುದು ನಮ್ಮ ವಾದ.

ಕಥೆಯ ಎಳೆಯನ್ನು ನೆನಪಿಸಿಕೊಳ್ಳೋಣ. ಮ್ಯಾಸಚೂಸೆಟ್ಸ್‌ನ ಒಂದು ಊರಿನಲ್ಲಿ ಏನು ಕೆಟ್ಟರೂ ಇನ್ನೂರು ವರ್ಷಗಳಿಂದ ಓವೆನ್ಸ್ ಮನೆತನದ ಹೆಂಗಸರೇ ದೋಷಿಗಳು. ತಂದೆತಾಯಿಯರನ್ನು ಕಳೆದುಕೊಂಡ ಸ್ಯಾಲಿ ಮತ್ತು ಗಿಲಿಯನ್ ಮ್ಯಾಗ್ನೋಲಿಯಾ ಬೀದಿಯ ಹಳೆಯ ಮನೆಯಲ್ಲಿ ಫ್ರಾನ್ಸಸ್ ಮತ್ತು ಜೆಟ್ ಎಂಬ ಇಬ್ಬರು ಹಿರಿಯ ಹೆಂಗಸರ ಬಳಿ ಬೆಳೆಯುತ್ತಾರೆ. ಹಗಲಿನಲ್ಲಿ ಇವರನ್ನು ಕಂಡರೆ ರಸ್ತೆ ಬದಲಿಸುವ ಊರಿನ ಹೆಂಗಸರೇ ಮುಸ್ಸಂಜೆಯಲ್ಲಿ ಹಿತ್ತಲ ಬಾಗಿಲಿಗೆ ಬಂದು ಪ್ರೀತಿಯ ಮದ್ದು ಬೇಡುತ್ತಾರೆ. ಮೆಟ್ಟಿಲ ಮೇಲೆ ಕದ್ದು ಕುಳಿತ ಹುಡುಗಿಯರು ಅದನ್ನೆಲ್ಲ ನೋಡುತ್ತಾರೆ. ಮುಂದೆ ಸ್ಯಾಲಿ ವಿಧವೆಯಾಗಿ, ಆಂಟೋನಿಯಾ ಮತ್ತು ಕೈಲೀ ಎಂಬ ಇಬ್ಬರು ಮಗಳಂದಿರೊಡನೆ ನ್ಯೂಯಾರ್ಕಿನ ಲಾಂಗ್ ಐಲೆಂಡಿನಲ್ಲಿ ಅತಿ ಸಾಮಾನ್ಯವಾದ ಬದುಕನ್ನು ಹಟದಿಂದ ಕಟ್ಟಿಕೊಳ್ಳುತ್ತಾಳೆ. ಗಿಲಿಯನ್ ಒಂದು ರಾತ್ರಿ ತನ್ನ ಕ್ರೂರ ಪ್ರಿಯಕರ ಜಿಮ್ಮಿಯ ಹೆಣವನ್ನು ಕಾರಿನಲ್ಲಿಟ್ಟುಕೊಂಡು ಅಲ್ಲಿಗೆ ಬರುತ್ತಾಳೆ. ಅಕ್ಕತಂಗಿಯರು ಹಿತ್ತಲ ಲೈಲಾಕ್ ಗಿಡಗಳ ಅಡಿಯಲ್ಲಿ ಅವನನ್ನು ಹೂಳುತ್ತಾರೆ. ಆ ಗಿಡಗಳು ಅಕಾಲದಲ್ಲಿ ಹುಚ್ಚೆದ್ದು ಬೆಳೆಯುತ್ತವೆ.

ಮೂರು ತಲೆಮಾರಿನ ಮೂರು ಜೋಡಿಗಳು. ಆರು ಮಂದಿ ಹೆಂಗಸರು. ಪಮೇಲಾ ರೀಜಿಸ್ 2003ರ ತಮ್ಮ ಗ್ರಂಥದಲ್ಲಿ ಪ್ರಣಯ ಕಾದಂಬರಿಯನ್ನು ವಿವರಿಸುವಾಗ ನಾಯಕಿ ಒಬ್ಬಳೇ ಇರಬೇಕೆಂದು ಹೇಳುವುದಿಲ್ಲ, ಒಬ್ಬಳು ಅಥವಾ ಹಲವರು ಎಂಬುದಕ್ಕೆ ಎಡೆಯಿಡುತ್ತಾರೆ. ಆ ‘ಹಲವರು’ ನಿರೂಪಣೆಗೆ ಒಡ್ಡುವ ವ್ಯಾಕರಣದ ತೊಡಕು ಮಾತ್ರ ಈವರೆಗೆ ಹೆಚ್ಚು ಗಮನ ಸೆಳೆದಂತಿಲ್ಲ.

ಮೊದಲು ಕಾಲದ ವಿಚಾರ. ಬಾಲ್ಯದ ಭಾಗವನ್ನು ಬಿಟ್ಟರೆ ಕಾದಂಬರಿ ಬಹುಮಟ್ಟಿಗೆ ವರ್ತಮಾನದಲ್ಲಿ ಸಾಗುತ್ತದೆ. ಅದರ ನಡುನಡುವೆ ಯಾರ ಬಾಯಿಂದ ಬಂದವೆಂದು ತಿಳಿಯದ ಸಾಮಾನ್ಯೋಕ್ತಿಗಳು ಬರುತ್ತವೆ: ಇಂಥ ಬಣ್ಣ ರಕ್ಷಿಸುತ್ತದೆ, ಇಂಥ ಗಿಡವನ್ನು ಬಾಗಿಲ ಬಳಿ ನೆಡಬೇಕು, ಇಂಥ ಸದ್ದು ಸಾವನ್ನು ಸೂಚಿಸುತ್ತದೆ ಎಂಬ ಬಗೆಯವು. ಇಂಗ್ಲಿಷಿನ ಸರಳ ವರ್ತಮಾನಕ್ಕೆ ‘ಅವಳು ಈಗ ಬಾಗಿಲು ತೆರೆಯುತ್ತಾಳೆ’ ಎಂಬ ಘಟನೆಯನ್ನೂ ‘ಉಪ್ಪು ಕೆಡುಕನ್ನು ತಡೆಯುತ್ತದೆ’ ಎಂಬ ನಿಯಮವನ್ನೂ ಒಂದೇ ರೂಪದಲ್ಲಿ ಹೇಳುವ ಸಾಮರ್ಥ್ಯವಿದೆ. ಹಾಫ್‌ಮನ್ ಈ ಸಂದಿಗ್ಧತೆಯನ್ನು ಪೂರ್ತಿಯಾಗಿ ದುಡಿಸಿಕೊಂಡಿದ್ದಾರೆ. ಘಟನೆಯಿಂದ ನಿಯಮಕ್ಕೆ ದಾಟುವಾಗ ಓದುಗನ ಕಾಲಿಗೆ ಹೊಸ್ತಿಲು ತಾಗುವುದಿಲ್ಲ. ಹಾಗಾಗಿ ಲೈಲಾಕ್ ಗಿಡ ಅತಿಯಾಗಿ ಬೆಳೆಯುವುದು ಪವಾಡವಾಗಿ ಅಲ್ಲ, ತೋಟಗಾರಿಕೆಯ ಸಂಗತಿಯಾಗಿ ತೋರುತ್ತದೆ. ಕಾರ್ಲ್‌ಸನ್ ಮತ್ತು ಪೆಲೆಟಿಯರ್ ಸಂಪಾದಿಸಿದ ‘ದಿ ಜೆನೆರಿಕ್ ಬುಕ್’ ಹೊರಬಂದದ್ದೂ 1995ರಲ್ಲೇ. ಇದು ಕೇವಲ ಕಾಕತಾಳೀಯ. ಆದರೂ ಎರಡನ್ನೂ ಒಂದೇ ಮೇಜಿನ ಮೇಲಿಟ್ಟು ಓದಿದ ವಿದ್ಯಾರ್ಥಿಗೆ ನಷ್ಟವೇನೂ ಆಗದು. ಸಾಮಾನ್ಯೋಕ್ತಿಗಳು ಅಪವಾದಗಳನ್ನು ಸಹಿಸಿಕೊಳ್ಳುತ್ತವೆ ಎಂಬುದು ಆ ಗ್ರಂಥದ ಚರ್ಚೆಗಳಲ್ಲಿ ಮತ್ತೆ ಮತ್ತೆ ಬರುವ ಮಾತು. ಮದ್ದು ಒಮ್ಮೆ ಫಲಿಸದಿದ್ದರೂ ಮದ್ದಿನ ನಿಯಮ ಸುಳ್ಳಾಗದಿರುವುದು ಇದೇ ಗುಣದಿಂದ.

ಕನ್ನಡಕ್ಕೆ ತರುವವರು ಇಲ್ಲಿ ಏನನ್ನೂ ಕಳೆದುಕೊಳ್ಳಬೇಕಾಗಿಲ್ಲ. ‘-ಉತ್ತಾಳೆ’ ರೂಪ ಘಟನೆಗೂ ರೂಢಿಗೂ ಸಲ್ಲುತ್ತದೆ. ಮೇಲಾಗಿ ಭವಿಷ್ಯಕ್ಕೂ ಸಲ್ಲುತ್ತದೆ. ‘ಅವನು ಬರುತ್ತಾನೆ’ ಎಂಬುದು ಕಾಣುತ್ತಿರುವ ಸಂಗತಿಯೋ, ದಿನನಿತ್ಯದ ರೂಢಿಯೋ, ಕಣಿಯೋ ಸಂದರ್ಭವೇ ಹೇಳಬೇಕು. ಮುನ್ಸೂಚನೆಗಳಿಂದ ತುಂಬಿದ ಕೃತಿಗೆ ಇದು ಮೂಲದಲ್ಲೂ ಇಲ್ಲದ ಅನುಕೂಲ.

ತೊಡಕು ಬೇರೆಡೆ ಇದೆ. ನಮ್ಮ ಮನೆಗಳ ಹಿರಿಯರು ‘ಮುಸ್ಸಂಜೆಯಲ್ಲಿ ಉಗುರು ತೆಗೆಯಬಾರದು’ ಎನ್ನುತ್ತಾರೆ. ಮೊಮ್ಮಗಳು ಅದನ್ನು ಗೆಳತಿಗೆ ಹೇಳುವಾಗ ‘ತೆಗೆಯಬಾರದಂತೆ’ ಎನ್ನುತ್ತಾಳೆ. ಆ ಒಂದು ‘ಅಂತೆ’ಯಲ್ಲಿ ಮಾತಿನ ಹೊಣೆ ಬೇರೆಯವರ ಹೆಗಲಿಗೆ ಹೋಗುತ್ತದೆ. ಹೇಳುವವಳು ನಂಬುವುದಿಲ್ಲವೆಂದು ಇದರ ಅರ್ಥವಲ್ಲ. ನಂಬುವೆನೆಂದು ತಾನು ಸಹಿ ಹಾಕಿಲ್ಲವೆಂದಷ್ಟೇ. ಕೇಳಿ ತಿಳಿದ ಮಾಟಮಂತ್ರದ ಮಾತನ್ನು ಸುಶಿಕ್ಷಿತ ಕನ್ನಡ ನಿರೂಪಕ ‘ಅಂತೆ’ ಇಲ್ಲದೆ ಹೇಳಿದರೆ ಅದು ಒಂದು ನಿಲುವಾಗುತ್ತದೆ. ಇಂಗ್ಲಿಷಿನಲ್ಲಿ ಅದೇ ವಾಕ್ಯ ನಿಲುವಿಲ್ಲದೆಯೇ ನಿಲ್ಲಬಲ್ಲದು. ಹಾಫ್‌ಮನ್ ಅವರ ನಿರೂಪಕಿ ಅತ್ತ ನಂಬಿದವಳೂ ಅಲ್ಲ, ಇತ್ತ ನಗುವವಳೂ ಅಲ್ಲ. ಈ ನಡುನೆಲೆಯನ್ನು ಕನ್ನಡದ ಅನುವಾದ ಕೊನೆಯವರೆಗೆ ಕಾಪಾಡುವುದು ದುಸ್ತರ. ನಮ್ಮ ಸಲಹೆ ಇಷ್ಟು: ನಿರೂಪಕಿಗೆ ‘ಅಂತೆ’ಯನ್ನು ಪೂರ್ಣವಾಗಿ ನಿರಾಕರಿಸಿ, ಅದನ್ನು ಸ್ಯಾಲಿಯೊಬ್ಬಳಿಗೇ ಮೀಸಲಿಡಬೇಕು. ಹುಟ್ಟಿದ ಮನೆತನದಿಂದ ದೂರ ನಿಲ್ಲಲು ಇಡೀ ಬದುಕನ್ನು ಸವೆಸುವವಳು ಅವಳೇ. ಅವಳ ಬಾಯಿಯಿಂದ ‘ಅಂತೆ’ ಎಲ್ಲಿ ಜಾರಿಹೋಗುತ್ತದೆಯೋ ಅಲ್ಲಿ ಅವಳು ಓವೆನ್ಸ್ ಮನೆಯ ಹೆಣ್ಣಾಗುತ್ತಾಳೆ.

ಎರಡನೆಯದು ‘ಅವಳು’. ಆರು ಹೆಂಗಸರಿಗೂ ಇಂಗ್ಲಿಷಿನಲ್ಲಿ ಒಂದೇ ಸರ್ವನಾಮ. ನಿರೂಪಕಿ ಒಂದೇ ಕಂಡಿಕೆಯೊಳಗೆ ಅಕ್ಕನ ಮನಸ್ಸಿನಿಂದ ತಂಗಿಯ ಮನಸ್ಸಿಗೆ ಜಿಗಿಯುವಾಗ ಓದುಗ ಕೆಲವೊಮ್ಮೆ ಕ್ಷಣಕಾಲ ದಾರಿ ತಪ್ಪುತ್ತಾನೆ. ಕೆಲವು ವಿಮರ್ಶಕರಿಗೆ ಇದು ಅಜಾಗರೂಕತೆಯಾಗಿ ಕಾಣಬಹುದು. ಹಾಗೆ ತಪ್ಪುವುದೇ ಕೃತಿಯ ಹೂರಣ ಎಂಬುದು ನಮ್ಮ ಅಭಿಪ್ರಾಯ: ತಂಗಿಯ ಪಾಪ ಅಕ್ಕನ ಹಿತ್ತಲಿನಲ್ಲಿ ಹೂತಿದೆ, ಒಬ್ಬಳ ಭಯ ಇನ್ನೊಬ್ಬಳ ಮಗಳ ಕಣ್ಣಿಗೆ ಕಾಣುತ್ತದೆ. ಕನ್ನಡ ಈ ಮಸುಕನ್ನು ಬಿಡಿಸಿಬಿಡುತ್ತದೆ. ಹಿರಿಯರಿಗೆ ‘ಅವರು’, ಹುಡುಗಿಯರಿಗೆ ‘ಅವಳು’. ಅದಕ್ಕಿಂತ ಮಿಗಿಲಾಗಿ ‘ತಾನು’. ‘ಅವಳು ಹೋಗುವುದಿಲ್ಲವೆಂದು ಸ್ಯಾಲಿ ಹೇಳಿದಳು’ ಎಂದರೆ ಹೋಗದವಳು ಬಹುಶಃ ಗಿಲಿಯನ್. ‘ತಾನು ಹೋಗುವುದಿಲ್ಲವೆಂದು’ ಎಂದರೆ ಸ್ಯಾಲಿಯೇ. ‘ತಾನೇಕೆ ಕ್ಷಮಿಸಬೇಕು?’ ಎಂಬ ವಾಕ್ಯ ಯಾವ ಪ್ರಧಾನ ಕ್ರಿಯೆಯ ಆಸರೆಯೂ ಇಲ್ಲದೆ ಒಂದು ಪ್ರಜ್ಞೆಯ ಒಳಗೆ ನಮ್ಮನ್ನು ಕೂರಿಸುತ್ತದೆ. ಆನ್ ಬ್ಯಾನ್‌ಫೀಲ್ಡ್ 1982ರಲ್ಲಿ ಇಂಗ್ಲಿಷ್ ಮತ್ತು ಫ್ರೆಂಚ್ ಕಾದಂಬರಿಗಳನ್ನು ಮುಂದಿಟ್ಟುಕೊಂಡು ಇಂಥ ವಾಕ್ಯಗಳನ್ನು ಚರ್ಚಿಸಿದಾಗ ಆ ಭಾಷೆಗಳಿಗೆ ಇಲ್ಲದ ಈ ಸಾಧನ ನಮಗೆ ದಿನಬಳಕೆಯದು. ಆದರೆ ಇಲ್ಲಿ ಸ್ಪಷ್ಟತೆಯೇ ಹಾನಿ. ಗಿಲಿಯನ್ ಕೈಲೀಯ ಕೂದಲನ್ನು ಕತ್ತರಿಸುವ ಪ್ರಸಂಗ ಕೃತಿಯ ಅತ್ಯುತ್ತಮ ಭಾಗಗಳಲ್ಲೊಂದು. ಚಿಕ್ಕಮ್ಮನ ಕೈಯಲ್ಲಿ ಹುಡುಗಿ ಬೇರೆಯವಳಾಗುತ್ತಾಳೆ, ಆಂಟೋನಿಯಾಗೆ ಹೊಟ್ಟೆಕಿಚ್ಚು, ಸ್ಯಾಲಿಗೆ ಸಿಟ್ಟು. ಅಲ್ಲಿ ‘ತಾನು’ವನ್ನು ತೀರ ಜಿಪುಣತನದಿಂದ ಬಳಸಬೇಕಾದೀತು.

ಬಂಧುವಾಚಕಗಳ ಮಾತು ಚಿಕ್ಕದಾದರೂ ಸ್ವಾರಸ್ಯಕರ. ಫ್ರಾನ್ಸಸ್ ಮತ್ತು ಜೆಟ್ ಕಾದಂಬರಿಯುದ್ದಕ್ಕೂ ಬರೇ ‘ಆಂಟ್’ಗಳು. ಇಂಗ್ಲಿಷ್ ಓದುಗನಿಗೆ ಅಷ್ಟು ಸಾಕು. ಕನ್ನಡಕ್ಕೆ ಸಾಲದು: ಅತ್ತೆಯೋ, ದೊಡ್ಡಮ್ಮನೋ, ಚಿಕ್ಕಮ್ಮನೋ? 1995ರಲ್ಲೇ ಅನುವಾದಕ್ಕೆ ಕುಳಿತವರು ಊಹಿಸಬೇಕಿತ್ತು, ತಾಯಿಯ ಕಡೆಯವರೆಂದು ‘ದೊಡ್ಡಮ್ಮ’ನನ್ನೇ ಆರಿಸುವ ಸಂಭವವೂ ಇತ್ತು. 2017ರ ‘ದಿ ರೂಲ್ಸ್ ಆಫ್ ಮ್ಯಾಜಿಕ್’ ಆ ಇಬ್ಬರ ಯೌವನದ ಕಥೆ ಹೇಳುತ್ತದೆ. ಅವರಿಗೆ ವಿನ್ಸೆಂಟ್ ಎಂಬ ತಮ್ಮನಿದ್ದಾನೆ, ಅವನ ಮಗಳು ರೆಜೀನಾ, ಅವಳ ಮಕ್ಕಳೇ ಸ್ಯಾಲಿ ಮತ್ತು ಗಿಲಿಯನ್. ಅಂದರೆ ಆ ಹಿರಿಯರು ತಾಯಿಗೆ ಸೋದರತ್ತೆಯರು, ಹುಡುಗಿಯರಿಗೆ ಅಜ್ಜಿಯರು. ಲೇಖಕಿ ಇಪ್ಪತ್ತೆರಡು ವರ್ಷಗಳ ಬಳಿಕ ಬಿಡಿಸಿದ ಗಂಟನ್ನು ಕನ್ನಡ ಮೊದಲ ಪುಟಗಳಲ್ಲೇ ಬಿಡಿಸು ಎನ್ನುತ್ತದೆ.

ಕೃತಿ ಸೋಲುವ ಎಡೆಯನ್ನೂ ಹೇಳಬೇಕು. ಅರಿಜೋನಾದಿಂದ ತನಿಖೆಗೆ ಬರುವ ಗ್ಯಾರಿ ಹ್ಯಾಲೆಟ್, ಸ್ಯಾಲಿ ತಂಗಿಗೆ ಬರೆದ ಪತ್ರವನ್ನು ಓದಿಯೇ ಅವಳತ್ತ ಸೋತಿರುತ್ತಾನೆ. ಹೆಣ ಹೂತ ಹೆಂಗಸು ಮತ್ತು ಅದನ್ನು ಹುಡುಕುವ ಅಧಿಕಾರಿ: ಪ್ರಣಯಕ್ಕೆ ಇದಕ್ಕಿಂತ ಗಟ್ಟಿಯಾದ ಅಡ್ಡಿ ಸಿಗದು. ಅಂಥ ಅಡ್ಡಿ ಬೇಗನೆ ಕರಗುತ್ತದೆ. ಅಷ್ಟು ಹೊತ್ತು ಹೆಂಗಸರ ತಿಳಿವಳಿಕೆಯನ್ನು ಹೊತ್ತಿದ್ದ ಸಾಮಾನ್ಯೋಕ್ತಿ ಇಲ್ಲಿ ‘ಪ್ರೀತಿ ಹೀಗೆಯೇ’ ಎಂಬ ಅಪ್ಪಣೆಯಾಗಿ, ಅವಸರದ ಕಥೆಗೆ ತೇಪೆ ಹಚ್ಚುತ್ತದೆ. ಗಿಲಿಯನ್ ಮತ್ತು ಜೀವಶಾಸ್ತ್ರದ ಮೇಷ್ಟ್ರು ಬೆನ್ ಫ್ರೈ ಅವರ ಕಥೆ ಇದಕ್ಕಿಂತ ಮೇಲು. ಅಲ್ಲಿ ಗಿಲಿಯನ್ ನಿಯಮಗಳನ್ನು ನಂಬಲು ಹೆದರುತ್ತಾಳೆ.

ಕೊನೆಯದಾಗಿ ಪ್ರೇತ. ಲೈಲಾಕ್ ಗಿಡಗಳ ನಡುವೆ ಕೈಲೀ ಕಾಣುವುದು ಒಬ್ಬ ಗಂಡಸನ್ನು. ಇಂಗ್ಲಿಷಿಗೆ ಅವನನ್ನು ಪುಲ್ಲಿಂಗದ ಸರ್ವನಾಮದಿಂದ ಕರೆಯಲು ಅಡ್ಡಿಯಿಲ್ಲ. ಕೇಶಿರಾಜ ‘ಶಬ್ದಮಣಿದರ್ಪಣ’ದಲ್ಲಿ ಲಿಂಗವನ್ನು ಅರ್ಥದ ಮೇಲೆ ನಿಲ್ಲಿಸಿದ: ಗಂಡಸರು, ಹೆಂಗಸರು, ಉಳಿದದ್ದೆಲ್ಲ ನಪುಂಸಕ. ಸತ್ತವನು ಯಾವ ಗುಂಪಿಗೆ ಸೇರಬೇಕು? ಆಡುಮಾತು ಇದಕ್ಕೆ ತನ್ನದೇ ಉತ್ತರ ಕಂಡುಕೊಂಡಿದೆ. ‘ಜಿಮ್ಮಿ ಬಂದ’ ಎನ್ನಬಹುದು, ‘ಜಿಮ್ಮಿಯ ದೆವ್ವ ಬಂತು’ ಎನ್ನಬಹುದು. ಪ್ರತಿ ವಾಕ್ಯದಲ್ಲೂ ಒಂದನ್ನು ಆರಿಸಲೇಬೇಕು. ಬದುಕಿದ್ದಾಗ ಗಿಲಿಯನ್‌ಳನ್ನು ಹಿಂಸಿಸಿದವನಿಗೆ ಸತ್ತ ಮೇಲೂ ‘ಅವನು’ ಎಂಬ ಸ್ಥಾನ ಎಷ್ಟು ದಿನ ಉಳಿಯಬೇಕೆಂಬುದೇ ಉತ್ತರಾರ್ಧದ ಕಥೆ. ಹಿರಿಯರಿಬ್ಬರೂ ಬಂದು, ಮೂರು ತಲೆಮಾರಿನ ಹೆಂಗಸರು ಒಂದೇ ಹಿತ್ತಲಿನಲ್ಲಿ ನಿಂತು ಅವನನ್ನು ಕೊನೆಗಾಣಿಸುವ ಪ್ರಸಂಗ ಮೂಲದಲ್ಲಿ ಕೊಂಚ ಅವಸರದ್ದು. ಅದುವರೆಗೆ ‘ಅವನು ನಿಂತಿದ್ದಾನೆ’ ಎಂದೇ ಹೇಳಿಸಿಕೊಂಡು ಬಂದ ಕೈಲೀಯ ವಾಕ್ಯಗಳು ಆ ರಾತ್ರಿ ‘ಅದು ಹೋಯಿತು’ ಎಂದಾಗುವಂತೆ ಅನುವಾದಕರು ನೋಡಿಕೊಂಡರೆ, ಹಾಫ್‌ಮನ್ ಪುಟಗಟ್ಟಲೆ ಬರೆಯದೆ ಬಿಟ್ಟದ್ದು ಕನ್ನಡದಲ್ಲಿ ಒಂದು ಪ್ರತ್ಯಯದಲ್ಲಿ ನಡೆದುಹೋಗುತ್ತದೆ.