ಓದಿಸಿ ಕೇಳಿ ತಿಳಿದು

ಬೆಂಗಳೂರಿನ ಗೆಳೆಯನ ಫ್ಲ್ಯಾಟಿನ ಗೋಡೆ ಮೇಲೆ ಇಂಗ್ಲೆಂಡಿನ ಹಳೆಯ ಜಮೀನು ಪತ್ರವೊಂದು ಬಂದು ಕೂತಿದೆ. ಇನ್ನೂರು ವರ್ಷದ ಹಿಂದೆ ಯಾರೋ ಯಾರಿಗೋ ಹೊಲ ಮಾರಿದ್ದು. ಫ್ರೇಮು, ಗಾಜು, ಕೆಂಪು ಅರಗಿನ ಮುದ್ರೆ. "ವೆಲ್ಲಂ ಕಣೋ, ಕರುವಿನ ಚರ್ಮ" ಅಂದ. ಬಹುಶಃ ಕುರಿಯದು. 2021ರಲ್ಲಿ ಎಕ್ಸೆಟರ್ ವಿಶ್ವವಿದ್ಯಾಲಯದ ಸಂಶೋಧಕರು ಇಂಥ ನೂರಾರು ಪತ್ರ ಪರೀಕ್ಷಿಸಿದಾಗ ಹೆಚ್ಚುಕಮ್ಮಿ ಎಲ್ಲವೂ ಕುರಿಚರ್ಮವೇ ಆಗಿದ್ದವು. ಕುರಿಚರ್ಮದ ಪದರಗಳ ನಡುವೆ ಕೊಬ್ಬು ಜಾಸ್ತಿ. ಹದ ಮಾಡುವಾಗ ಅದು ಹೋಗಿ ಪದರಗಳು ಸಡಿಲಾಗುತ್ತವೆ. ಆಮೇಲೆ ಯಾರಾದರೂ ಅಕ್ಷರ ಕೆರೆದು ತಿದ್ದಲು ಹೋದರೆ ಮೇಲಿನ ಪದರವೇ ಎದ್ದು ಬಂದು ಮೋಸ ಬಯಲಾಗುತ್ತೆ.

ವಸ್ತುವಾಗಿ ಅದಕ್ಕೆ ಪೂರ್ತಿ ಅಂಕ. ಬರಹವಾಗಿ? ಎಲ್ಲೂ ನಿಲ್ಲದೆ ಉಸಿರು ಕಟ್ಟಿಸುವ ವಕೀಲರ ಭಾಷೆ. ಉಳುವವನು ಓದಲಿ ಅಂತ ಬರೆದದ್ದಂತೂ ಅಲ್ಲ. ಒಡೆತನ ತೋರಿಸಲು ಮೂವತ್ತು ವರ್ಷದ ದಾಖಲೆ ಸಾಕು ಅಂತ 1925ರಲ್ಲಿ ಅಲ್ಲಿನ ಕಾನೂನು ಹೇಳಿದ ಮೇಲೆ ಹಳೆಯ ಚರ್ಮಗಳಿಗೆ ಕೆಲಸ ತಪ್ಪಿತು. ಕೆಲವು ಲ್ಯಾಂಪಿನ ಶೇಡುಗಳಾದವು. ಈಗ ಅದರಿಂದ ಯಾರ ಅನ್ನಕ್ಕೂ ಕುತ್ತಿಲ್ಲ, ಅದಕ್ಕೇ ಚೆಂದ ಕಾಣುತ್ತೆ.

ನಮ್ಮ ಪತ್ರಗಳಿಗೆ ಈ ಆರಾಮ ಸಿಕ್ಕಿಲ್ಲ. ಚೆಲುವೇನೋ ಇದೆ. ಶಾಸನಗಳ ಕಾಲದ ನಿಧಿ, ನಿಕ್ಷೇಪ, ಜಲ, ಪಾಷಾಣ ಇವತ್ತಿನ ಖರೀದಿ ಪತ್ರಗಳಲ್ಲೂ ಕೂತಿರುತ್ತವೆ. ಪೂರ್ವಕ್ಕೆ ಹಳ್ಳ, ಪಶ್ಚಿಮಕ್ಕೆ ಬಂಡಿದಾರಿ, ಉತ್ತರಕ್ಕೆ ಎಲೆಬಳ್ಳಿ ತೋಟ ಅಂತ ಚಕ್ಕುಬಂದಿ ಓದುತ್ತಿದ್ದರೆ ಬದುವಿನ ಮೇಲೆ ನಡೆದ ಹಾಗಾಗುತ್ತೆ. ನನ್ನ ತಕರಾರು ಕೊನೆಯ ಸಾಲಿನದು: "ಓದಿಸಿ ಕೇಳಿ ತಿಳಿದು, ಸ್ವಸಂತೋಷದಿಂದ ಬರೆದುಕೊಟ್ಟ ಪತ್ರ." ಈ ಪ್ರಕಾರದ ಬರವಣಿಗೆಯಲ್ಲಿ ಇಷ್ಟು ಸಲೀಸಾಗಿ ಹೇಳುವ ಸುಳ್ಳು ಇನ್ನೊಂದಿಲ್ಲ.

ಸವಣೂರಿನ ನಮ್ಮ ಮನೆಯ ಟ್ರಂಕಿನಲ್ಲಿ 2007ರ ಹಕ್ಕು ಬಿಡುಗಡೆ ಪತ್ರವಿದೆ. ಪಿತ್ರಾರ್ಜಿತ ಆಸ್ತಿಯಲ್ಲಿ ಹಿಂದೂ ಮಗಳಿಗೂ ಮಗನಷ್ಟೇ ಪಾಲು ಅಂತ ಕಾನೂನು ಬಂದದ್ದು 2005ರಲ್ಲಿ. ಎರಡೇ ವರ್ಷಕ್ಕೆ ಸೋದರತ್ತೆ ಅದನ್ನು ಬಿಟ್ಟುಕೊಟ್ಟಳು. ಆ ಸಾಲಿನ ಕೆಳಗೇ ಆಕೆಯ ಎಡಗೈ ಹೆಬ್ಬೆಟ್ಟಿದೆ.

ಹೋದ ಸಲ ಊರಿಗೆ ಹೋದಾಗ ಕೇಳಿದೆ. "ಯಾರೂ ಓದಿ ಹೇಳ್ಲಿಲ್ಲಪಾ. ಇಲ್ಲೆ ಹೆಬ್ಬಟ್ಟು ಒತ್ತವಾ ಅಂದ್ರು, ಒತ್ತಿದೆ. ನಿಮ್ಮಪ್ಪ ಖಾರಾ ಕಟ್ಟಿಸಿಕೊಟ್ಟು ಬಸ್ ಹತ್ತಿಸಿದಾ" ಅಂದಳು. ಸಿಟ್ಟೇನೂ ಇರಲಿಲ್ಲ. ಆ ಹೊಲ ಮಾರಿದ ದುಡ್ಡಲ್ಲೇ ನಾನು ಇಂಜಿನಿಯರಿಂಗ್ ಮುಗಿಸಿದ್ದು.

ಕುರಿಚರ್ಮ ತಡೆಯುವುದು ಸಹಿ ಆದಮೇಲಿನ ಮೋಸವನ್ನು. ಸಹಿಗೆ ಮುಂಚಿನದಕ್ಕೆ ಚರ್ಮವೂ ಇಲ್ಲ, ಛಾಪಾ ಕಾಗದವೂ ಇಲ್ಲ. ಅದಕ್ಕೆ ಒಬ್ಬರು ಎದುರು ಕೂತು ಓದಿ ಹೇಳಬೇಕು.

ಅಜ್ಜನ ಹೆಸರಲ್ಲೇ ಉಳಿದ ಇನ್ನೊಂದು ಹೊಲದ ವಾಟ್ನಿ ಈಗ ಬಂದಿದೆ. ಪತ್ರದ ಕರಡು ನನ್ನ ಫೋನಿನಲ್ಲಿದೆ, ಕೊನೆಗೆ ಅದೇ ಸಾಲು. ಈ ಶನಿವಾರ ಸವಣೂರಿಗೆ ಹೋಗಿ ಅತ್ತೆಗೆ ಅದನ್ನು ಮೊದಲಿಂದ ಓದಿ ಹೇಳುತ್ತೇನೆ. ಅಪ್ಪನಿಗೆ ಇನ್ನೂ ಹೇಳಿಲ್ಲ.